ಜರ್ಮನ್ ಬಿಯರ್ ಬೆಂಚು: ನಾಲ್ಕು ಮೇಜು, ಎಂಟು ಬೆಂಚು, ಮೂರು ತಿಂಗಳ ಕೆಲಸ

ಮೊನ್ನೆ ಶನಿವಾರ ನಮ್ಮ ತಾರಸಿಯಲ್ಲಿ 4 ಮೇಜು, 8 ಬೆಂಚು ಬಿಚ್ಚಿ ನಿಲ್ಲಿಸಿದೆವು. 31 ಜನ ಕೂತರು. ಒಂದೂ ಮುರಿಯಲಿಲ್ಲ, ಒಂದೂ ಮಗುಚಲಿಲ್ಲ. ಜುಲೈಯಿಂದ ಸುಮಾರು ಎಲ್ಲ ಶನಿವಾರ, ಭಾನುವಾರ ಇದಕ್ಕೇ ಹೋಗಿದೆ. ಅಳತೆ, ಖರ್ಚು, ಕೆಟ್ಟುಹೋದದ್ದು ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಅದನ್ನೇ ಬಿಡಿಸಿ ಇಲ್ಲಿ ಹಾಕುತ್ತಿದ್ದೇನೆ. ಮಡಚುವ ಬೆಂಚು ಮಾಡಲು ಹೊರಟ ಯಾರಿಗಾದರೂ ನನ್ನ ತಪ್ಪುಗಳು ಉಪಯೋಗಕ್ಕೆ ಬರಲಿ.

ನಮ್ಮ ಮನೆ ಬೆಂಗಳೂರಿನ ಮೈಕೋ ಲೇಔಟಿನಲ್ಲಿ. ಅಪ್ಪ ಆಡುಗೋಡಿಯ ಮೈಕೋ ಕಾರ್ಖಾನೆಯ ಟೂಲ್ ರೂಮಿನಲ್ಲಿ ದುಡಿದವರು. ಜರ್ಮನಿಯ ಬಾಷ್ ಜೊತೆ 1951ರಲ್ಲಿ ಶುರುವಾದ ಕಂಪನಿ ಅದು. ಹಾಗಾಗಿ ಜರ್ಮನ್ನರು ಈ ಊರಿಗೆ ಬಂದು ಹೋಗುವುದು ನಮಗೆ ಹೊಸದಲ್ಲ. ಈಗ ನಮ್ಮ ಮೇಲಿನ ಮನೆಯಲ್ಲಿ ಬಾಡಿಗೆಗೆ ಇರುವವರೂ ಜರ್ಮನ್ ದಂಪತಿ. ಬವೇರಿಯಾದ ರೋಸನ್‌ಹೈಮ್ ಕಡೆಯವರು. ಇಬ್ಬರೂ ಇಂಜಿನಿಯರ್‌ಗಳು. ವೈಟ್‌ಫೀಲ್ಡ್, ಕೋರಮಂಗಲ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಅವರಂತೆಯೇ ಕೆಲಸಕ್ಕೆ ಬಂದ ಹತ್ತು ಹನ್ನೆರಡು ಮನೆಯವರ ಒಂದು ಗುಂಪಿದೆ. ವರ್ಷಕ್ಕೊಮ್ಮೆ ಒಟ್ಟಿಗೆ ಅಕ್ಟೋಬರ್‌ಫೆಸ್ಟ್, ಅಂದರೆ ಮ್ಯೂನಿಕ್‌ನ ಬಿಯರ್ ಹಬ್ಬವನ್ನು ಮಾಡುತ್ತಾರೆ.

ಹೋದ ವರ್ಷ ನಮ್ಮ ತಾರಸಿಯಲ್ಲೇ ಮಾಡಿದ್ದರು. ಶಾಮಿಯಾನದ ಅಂಗಡಿಯಿಂದ ಪ್ಲಾಸ್ಟಿಕ್ ಕುರ್ಚಿ ತಂದಿದ್ದರು. ಊಟ ಚೆನ್ನಾಗಿತ್ತು, ಬಿಯರ್ ತಣ್ಣಗಿತ್ತು. ಆದರೆ ಜನ ಮೂರು ಮೂರು ಕುರ್ಚಿ ಎಳೆದುಕೊಂಡು ಅಲ್ಲಲ್ಲಿ ಚದುರಿ ಕೂತುಬಿಟ್ಟರು. ಎಲ್ಲ ಮುಗಿದು ಕುರ್ಚಿ ಜೋಡಿಸುವಾಗ ಮೇಲಿನ ಮನೆಯಾಕೆ ಅಂದದ್ದು ಇಷ್ಟೇ: "ಎಲ್ಲಾ ಸಿಕ್ಕಿತು ಅಂಕಲ್, ಬೆಂಚು ಮಾತ್ರ ಇಲ್ಲ." ಆಕೆ ಕನ್ನಡ ಕಲಿಯುತ್ತಿದ್ದಾರೆ, ಅಷ್ಟನ್ನೂ ಕನ್ನಡದಲ್ಲೇ ಹೇಳಿದರು. ಆ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು.

ಜುಲೈ 6: ಅಳತೆ

ಅವರು ಹೇಳುತ್ತಿದ್ದ ಬೆಂಚು ಸುಮ್ನೆ ಯಾವುದೋ ಬೆಂಚಲ್ಲ. ಒಂದು ಮೇಜು, ಎರಡು ಬೆಂಚು ಸೇರಿದರೆ ಒಂದು ಸೆಟ್. ಅದಕ್ಕೆ ಜರ್ಮನ್‌ನಲ್ಲಿ ಬಿಯರ್‌ಟಿಶ್‌ಗಾರ್ನಿಟೂರ್ ಅನ್ನುತ್ತಾರೆ. ಮರದ ಹಲಗೆ, ಅದರಡಿಗೆ ಮಡಚಿಕೊಳ್ಳುವ ಕಬ್ಬಿಣದ ಕಾಲು, ಕಾಲಿಗೆ ಸಾಮಾನ್ಯವಾಗಿ ಹಸಿರು ಬಣ್ಣ. ಒಬ್ಬರೇ ಎತ್ತಿಕೊಂಡು ಹೋಗಬಹುದು. ಹಬ್ಬ ಮುಗಿದ ಮೇಲೆ ಒಂದರ ಮೇಲೊಂದು ಪೇರಿಸಿಡಬಹುದು.

ಆಕೆಯ ಗಂಡ ಊರಿಗೆ ಫೋನ್ ಮಾಡಿದರು. ಅವರ ತಂದೆ ಗ್ಯಾರೇಜಿನಲ್ಲಿದ್ದ ಸೆಟ್ ಹೊರಗೆಳೆದು, ಟೇಪ್ ಹಿಡಿದು, ಒಂದೊಂದೇ ಅಳತೆ ಕೂಗಿ ಹೇಳಿದರು. ನಾನು ಬರೆದುಕೊಂಡೆ.

ಮೇಜು: ಉದ್ದ 220 ಸೆಂ.ಮೀ., ಅಗಲ 50, ಎತ್ತರ 77.
ಬೆಂಚು: ಉದ್ದ 220, ಅಗಲ 25, ಎತ್ತರ 47.

ಮೇಜಿನ ಅಗಲ 50 ಅಂತ ಕೇಳಿದಾಗ ನನಗೆ ನಂಬಿಕೆ ಬರಲಿಲ್ಲ. ಎರಡು ಕಡೆ ತಟ್ಟೆ ಇಟ್ಟರೆ ನಡುವೆ ಜಾಗವೇ ಇಲ್ಲ ಅಲ್ವಾ? 70, 80 ಅಗಲದವೂ ಅಲ್ಲಿ ಸಿಗುತ್ತವೆ ಅಂತ ಗೊತ್ತಾಯಿತು. ಹಾಗಿದ್ದರೆ 70 ಮಾಡೋಣ, ಆರಾಮಾಗಿರುತ್ತದೆ ಅಂತ ನಾನೇ ತೀರ್ಮಾನ ಮಾಡಿದೆ. ಯಾರನ್ನೂ ಕೇಳಲಿಲ್ಲ. ಇದು ಮೊದಲ ತಪ್ಪು.

ನನ್ನ ಹತ್ತಿರ ಇದ್ದ ಸಾಮಾನು: 200 ಆಂಪಿಯರ್ ಇನ್ವರ್ಟರ್ ವೆಲ್ಡಿಂಗ್ ಮಷೀನು, 4 ಇಂಚಿನ ಗ್ರೈಂಡರ್, ಡ್ರಿಲ್, ಕೈ ತೋಪಡ, ಉಳಿ, 6 ಸಿ-ಕ್ಲ್ಯಾಂಪು, ಮತ್ತೆ ಮೂಲೆ ಸರಿಯಾಗಿ 90 ಡಿಗ್ರಿ ಇದೆಯೇ ಅಂತ ನೋಡುವ ಅಪ್ಪನ ಟ್ರೈಸ್ಕ್ವೇರ್. ಈ ಟ್ರೈಸ್ಕ್ವೇರ್ ಅಪ್ಪ ಅಪ್ರೆಂಟಿಸ್ ಆಗಿದ್ದಾಗ ತಾವೇ ಅರ ಹಾಕಿ ಮಾಡಿದ್ದು. ಇವತ್ತಿಗೂ ಅದರ ಮೂಲೆಯಲ್ಲಿ ಬೆಳಕು ಕಾಣುವುದಿಲ್ಲ. ಇಡೀ ಕೆಲಸದಲ್ಲಿ ನಾನು ಜಾಸ್ತಿ ನಂಬಿದ್ದು ಅದನ್ನೇ.

ಜುಲೈ 12ರಿಂದ 20: ಮರ

ಕಡಿಮೆ ದುಡ್ಡಿಗೆ ಸಿಗುತ್ತದೆ ಅಂತ ಸಿಲ್ವರ್ ಓಕ್ ತಂದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವ ಮರ. 3 ಸಿ.ಎಫ್.ಟಿ. (ಘನ ಅಡಿ), 600 ರೂಪಾಯಿಯಂತೆ 1,800. ಒಂದು ಮೇಜು, ಒಂದು ಬೆಂಚು ಮಾದರಿಗೆ ಅಂತ. ಅಂಗಡಿಯವರು "ಒಣಗಿದ ಮಾಲು ಸಾರ್" ಅಂದರು. ನಾನೂ ಕೈಯಲ್ಲಿ ಮುಟ್ಟಿ ನೋಡಿ ಹೌದು ಅಂದುಕೊಂಡೆ. ಮುಟ್ಟಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಒಂದು ಹಲಗೆ ತೂಗಿ ನೋಡಬೇಕಿತ್ತು. ಎರಡು ವಾರ ಒಳಗಿಟ್ಟು ಮತ್ತೆ ತೂಗಬೇಕಿತ್ತು. ಎರಡನ್ನೂ ಮಾಡಲಿಲ್ಲ.

ಮಿಲ್ಲಿನಲ್ಲಿ ತೋಪಡ ಹೊಡೆಸಿ 28 ಮಿ.ಮೀ. ದಪ್ಪಕ್ಕೆ ತಂದೆ. ಮೂರು ವಾರ ಆಗುವಷ್ಟರಲ್ಲಿ ಬೆಂಚಿನ ಹಲಗೆ ಅಡ್ಡಕ್ಕೆ ದೋಣಿ ಥರ ಬಾಗಿತ್ತು. ಟ್ರೈಸ್ಕ್ವೇರ್ ಅಡ್ಡ ಇಟ್ಟು ಅಳೆದೆ. 25 ಸೆಂ.ಮೀ. ಅಗಲದಲ್ಲಿ ನಡುವೆ 7 ಮಿ.ಮೀ. ತಗ್ಗು. ಮೇಲಿಂದ ಅದನ್ನು ಉಜ್ಜಿ ಸಮ ಮಾಡಿದರೆ ಅಂಚಿನಲ್ಲಿ ದಪ್ಪ 21ಕ್ಕೆ ಇಳಿಯುತ್ತಿತ್ತು. ಅದನ್ನು ಬಿಟ್ಟುಬಿಟ್ಟೆ.

ಜುಲೈ 26ರಿಂದ ಆಗಸ್ಟ್ 3: ಕಾಲು, ಮೊದಲ ಸಲ

ಮಾದರಿಗೆ 25 ಮಿ.ಮೀ. ಸ್ಕ್ವೇರ್ ಪೈಪ್ ತಂದೆ, 1,150 ರೂಪಾಯಿ. ಎರಡು ಕಡೆ ತಪ್ಪಾಯಿತು.

ಒಂದು, ಬೆಂಚಿನ ಕಾಲಿನ ಜಾಗ. ನೋಡಲು ಚೆಂದ ಅಂತ ಎರಡೂ ತುದಿಯಿಂದ 45 ಸೆಂ.ಮೀ. ಒಳಗೆ ಇಟ್ಟೆ. ಮೂವರು ಕೂತೆವು. ನಾವಿಬ್ಬರು ಎದ್ದೆವು. ತುದಿಯಲ್ಲಿದ್ದ ನನ್ನ ಭಾಮೈದ ನೆಲಕ್ಕೆ ಬಿದ್ದ. ಬೆಂಚಿನ ಇನ್ನೊಂದು ತುದಿ ಮೇಲೆದ್ದು ನಿಂತಿತ್ತು. ಪುಣ್ಯಕ್ಕೆ ಪೆಟ್ಟಾಗಲಿಲ್ಲ. ಆಮೇಲೆ ಕೂತು ಲೆಕ್ಕ ಹಾಕಿದೆ. 75 ಕಿಲೋದ ಮನುಷ್ಯ ತುದಿಯಿಂದ 20 ಸೆಂ.ಮೀ. ಒಳಗೆ ಕೂತರೆ ಕಾಲಿನಿಂದ 25 ಸೆಂ.ಮೀ. ಆಚೆಗಿರುತ್ತಾನೆ. 75 ಸಲ 25, ಅಂದರೆ 1,875. ಬೆಂಚಿನ ತೂಕ 13 ಕಿಲೋ, ಅದರ ನಡುಭಾಗ ಕಾಲಿನಿಂದ 65 ಸೆಂ.ಮೀ. ಒಳಗೆ. 13 ಸಲ 65, ಅಂದರೆ 845. ಹಾಗಾಗಿ ಮಗುಚಲೇಬೇಕು. ಕಾಲನ್ನು ತುದಿಯಿಂದ 25ಕ್ಕೆ ತಂದರೆ ಅದೇ ಮನುಷ್ಯ ಕಾಲಿನಿಂದ ಆಚೆಗೆ 5 ಸೆಂ.ಮೀ. ಮಾತ್ರ. 375ಕ್ಕೆ ಎದುರು 1,105. ಈಗ ನಿಲ್ಲುತ್ತದೆ.

ಎರಡು, ಮೇಜಿನ ಕಾಲು. ಮಂಡಿಗೆ ಜಾಗ ಇರಲಿ ಅಂತ ತುದಿಯಿಂದ 40 ಬಿಟ್ಟೆ. ನಿಲ್ಲಿಸಿದಾಗ ಚೆನ್ನಾಗೇ ಇತ್ತು. ಮಡಚಲು ಹೋದರೆ ಎರಡು ಕಾಲೂ ನಡುವೆ ಡಿಕ್ಕಿ ಹೊಡೆದವು. ಒಂದೊಂದು ಕಾಲು 75 ಸೆಂ.ಮೀ., ಎರಡು ಸೇರಿ 150. ನಡುವೆ ಉಳಿದದ್ದು 140. ಇಷ್ಟು ಸಣ್ಣ ಕೂಡುವ ಲೆಕ್ಕವನ್ನು ಪೈಪ್ ಕತ್ತರಿಸುವ ಮೊದಲು ಮಾಡದೆ ಹೋದೆ. ಕೊನೆಗೆ 30 ಇಟ್ಟೆ. ನಡುವೆ 160 ಸಿಕ್ಕಿತು. 10 ಸೆಂ.ಮೀ. ಉಳಿದರೆ ಸಾಕು.

ಆಗಸ್ಟ್ 9: 70 ಸೆಂ.ಮೀ. ಮೇಜಿನ ಪಾಠ

ಮಡಚಲು ಬಾರದಿದ್ದರೂ ಮಾದರಿ ಮೇಜು ನಿಲ್ಲುತ್ತಿತ್ತು. ಆ ಶನಿವಾರ ರಾತ್ರಿ ಮೇಲಿನ ಮನೆಯವರು, ಅವರ ನಾಲ್ಕು ಸ್ನೇಹಿತರು ಅದರ ಮೇಲೆ ಊಟ ಮಾಡಿದರು. ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ರಸ್ತೆಯ ಸದ್ದು ಇತ್ತು, ಪಕ್ಕದ ಮನೆಯ ನಾಯಿ ಬೊಗಳುತ್ತಿತ್ತು. ಎದುರು ಬದುರು ಕೂತವರು ಮಾತಿಗೆ ಮುಂದಕ್ಕೆ ಬಾಗುತ್ತಿದ್ದರು. ಸ್ವಲ್ಪ ಹೊತ್ತಿಗೆ ಬಾಗುವುದು ಬೇಸರವಾಗಿ ಪಕ್ಕದವರ ಜೊತೆ ಮಾತ್ರ ಮಾತಾಡತೊಡಗಿದರು. ಮೇಜು ಒಂದೇ, ಮಾತು ಎರಡಾಯಿತು.

ಊಟ ಆದ ಮೇಲೆ ಮೇಲಿನ ಮನೆಯಾತ ತುಂಬಾ ಸಂಕೋಚದಿಂದ ಹೇಳಿದರು, ಅಪ್ಪ ಕೊಟ್ಟ ಅಳತೆ 50 ಇತ್ತಲ್ಲ ಅಂತ. ನನಗೆ ಮನಸ್ಸಿಗೆ ಸ್ವಲ್ಪ ನೋವಾಯಿತು. ಒಂದು ತಿಂಗಳ ಕೆಲಸ ಅದು. ಆದರೆ ಮರುದಿನ ಬೆಳಿಗ್ಗೆ 50 ಸೆಂ.ಮೀ. ಪ್ಲೈವುಡ್ ಅದೇ ಕಾಲಿನ ಮೇಲಿಟ್ಟು, ಹೆಂಡತಿಯನ್ನು ಎದುರಿಗೆ ಕೂರಿಸಿ ಕಾಫಿ ಕುಡಿದೆ. ಮೆಲ್ಲಗೆ ಮಾತಾಡಿದರೂ ಕೇಳಿಸುತ್ತದೆ. ಕೈ ಚಾಚಿದರೆ ಎದುರಿನ ಲೋಟಕ್ಕೆ ಲೋಟ ತಾಗುತ್ತದೆ. ಬೆನ್ನು ಬಾಗಿಸಬೇಕಿಲ್ಲ. ಆ ಅಗಲ ಜಾಗ ಉಳಿಸಲು ಇರಬಹುದು, ಕಟ್ಟಿಗೆ ಉಳಿಸಲು ಇರಬಹುದು. ಕೂತವರಿಗೆ ಅದು ಮಾತಿನ ಅಗಲ. ಅವತ್ತೇ ನೋಟ್‌ಬುಕ್ಕಿನಲ್ಲಿ 70 ಹೊಡೆದುಹಾಕಿ 50 ಬರೆದೆ.

ಆಗಸ್ಟ್ 10ರಿಂದ 24: ಎಲ್ಲ ಮತ್ತೆ ಮೊದಲಿಂದ

ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟಿಗೆ ಹೋಗಿ, ಗೂಡಿನಲ್ಲಿ ಒಣಗಿಸಿದ ಆಮದು ಪೈನ್ ತಂದೆ. ಒಂದು ಸೆಟ್ಟಿಗೆ ಲೆಕ್ಕಕ್ಕೆ 2.3 ಸಿ.ಎಫ್.ಟಿ. ಬರುತ್ತದೆ. ಗಂಟು, ತುಂಡು ಹೋಗುವುದು ಸೇರಿಸಿ 2.75 ಹಿಡಿದೆ. ನಾಲ್ಕು ಸೆಟ್ಟಿಗೆ 11 ಸಿ.ಎಫ್.ಟಿ., 950ರಂತೆ 10,450.

ಕಾಲಿಗೆ ಪೈಪ್ ಬಿಟ್ಟು 25×25×3 ಮಿ.ಮೀ. ಆಂಗಲ್ (ಎಲ್ ಆಕಾರದ ಕಬ್ಬಿಣ) ತಂದೆ. ಪೈಪಿನೊಳಗೆ ನೀರು ನಿಂತರೆ ತುಕ್ಕು ಕಾಣುವುದಿಲ್ಲ. ಆಂಗಲ್‌ನಲ್ಲಿ ಎಲ್ಲ ಕಣ್ಣಿಗೆ ಬೀಳುತ್ತದೆ, ಬಣ್ಣವೂ ತಲುಪುತ್ತದೆ. ಬೋಲ್ಟ್ ಹಾಕಲು ಚಪ್ಪಟೆ ಮೈ ಸಿಗುತ್ತದೆ. ಮೀಟರಿಗೆ ಸುಮಾರು 1.1 ಕಿಲೋ ತೂಗುತ್ತದೆ. ಒಟ್ಟು 72 ಕಿಲೋ ತಂದೆ.

ವೆಲ್ಡಿಂಗಿಗೆ 2.5 ಮಿ.ಮೀ. ರಾಡು, 75 ಆಂಪಿಯರ್. ಮೊದಲ ಕಾಲಿನ ಚೌಕಟ್ಟಿಗೆ ಒಂದು ಮೂಲೆಯಿಂದ ಶುರು ಮಾಡಿ ಸುತ್ತಲೂ ಒಂದೇ ಸಮ ಹಾಕಿಕೊಂಡು ಹೋದೆ. ತಣ್ಣಗಾದ ಮೇಲೆ ಟ್ರೈಸ್ಕ್ವೇರ್ ಇಟ್ಟರೆ 4 ಮಿ.ಮೀ. ಸೊಟ್ಟ. ಬಿಸಿ ಎಳೆದ ಕಡೆಗೆ ಕಬ್ಬಿಣ ಹೋಗುತ್ತದೆ. ಎರಡನೆಯದರಿಂದ ಎದುರು ಬದುರು ಮೂಲೆಗೆ ಚುಕ್ಕಿ ಹಾಕಿ, ಅಳೆದು, ಸುತ್ತಿಗೆಯಲ್ಲಿ ತಟ್ಟಿ ಸರಿ ಮಾಡಿ, ಆಮೇಲೆ ಪೂರ್ತಿ ಹಾಕಿದೆ. 1 ಮಿ.ಮೀ. ಒಳಗೆ ಬಂತು.

ಲಾಕ್: ಹದಿನೈದು ದಿನ ತಿಂದ ಭಾಗ

ಇಡೀ ಬೆಂಚಿನ ಜೀವ ಇರುವುದು ಕಾಲು ಹಿಡಿದು ನಿಲ್ಲಿಸುವ ಪಟ್ಟಿಯಲ್ಲಿ. ಅಲ್ಲಿಯ ಬೆಂಚಿನಲ್ಲಿ ಸ್ಪ್ರಿಂಗ್ ಕೊಂಡಿ ಇರುತ್ತದಂತೆ. ನಾನು ನನ್ನ ಕೈಯಲ್ಲಿ ಆಗುವಂಥದ್ದು ಮಾಡಿದೆ. 20×5 ಮಿ.ಮೀ. ಕಬ್ಬಿಣದ ಪಟ್ಟಿಯ ಎರಡು ತುಂಡು. ಒಂದರ ತುದಿ ಕಾಲಿಗೆ, ಇನ್ನೊಂದರದು ಹಲಗೆಗೆ. ನಡುವೆ ಎರಡನ್ನೂ ಸೇರಿಸುವ 6 ಮಿ.ಮೀ. ರಿವೆಟ್. ಕಾಲು ಬಿಡಿಸಿದಾಗ ಎರಡೂ ನೆಟ್ಟಗಾಗುತ್ತವೆ. ಮಡಚುವಾಗ ನಡುವೆ ಮೊಣಕೈಯಂತೆ ಬಾಗುತ್ತವೆ.

ಮೊದಲ ಸಲ ಪಟ್ಟಿ ಸರಿಯಾಗಿ ನೆಟ್ಟಗಾದಾಗ ನಿಲ್ಲುವ ಹಾಗೆ ತಡೆ ಕೊಟ್ಟೆ. ಕೂತರೆ ಗಟ್ಟಿಯಾಗಿತ್ತು. ಆದರೆ ಬೆಂಚನ್ನು ಒಂದು ಅಡಿ ಎಳೆದ ಕೂಡಲೇ ಕಾಲು ಮಡಚಿಕೊಂಡಿತು. ಯಾಕೆ ಅಂತ ಎರಡು ದಿನ ಯೋಚಿಸಿದೆ. ನಮ್ಮ ಕೈಯನ್ನು ನೆಟ್ಟಗೆ ಚಾಚಿದಾಗ ಹಿಂದಿನಿಂದ ಯಾರಾದರೂ ಮೊಣಕೈಗೆ ತಟ್ಟಿದರೆ ಕೈ ಮಡಚಿಹೋಗುತ್ತದಲ್ಲ, ಹಾಗೇ ಇದು. ನೆಟ್ಟಗೆ ಇದ್ದರೆ ಸಾಲದು. ನೆಟ್ಟಗಾದ ಮೇಲೂ ಇನ್ನೊಂದು ಕಡೆಗೆ ಸ್ವಲ್ಪ ದಾಟಿ ಕೂರಬೇಕು. ಆಗ ಭಾರ ಬಿದ್ದಷ್ಟೂ ಅದು ತಡೆಗೇ ಒತ್ತಿಕೊಳ್ಳುತ್ತದೆ, ಬಿಚ್ಚಿಕೊಳ್ಳುವುದಿಲ್ಲ. ತಡೆಗೆ ಹಾಕಿದ್ದ ಕಬ್ಬಿಣದ ತುಂಡನ್ನು ಅರದಲ್ಲಿ ಉಜ್ಜಿದೆ. 1 ಮಿ.ಮೀ. ಉಜ್ಜಿದಾಗ ಇನ್ನೂ ಜಾರುತ್ತಿತ್ತು. 2ಕ್ಕೆ ಎಳೆದರೆ ನಿಂತಿತು, ಒದ್ದರೆ ಬಿಚ್ಚಿತು. 3ಕ್ಕೆ ಟಕ್ ಅಂತ ಸದ್ದು ಬಂತು. ಒದ್ದರೂ ನಿಂತಿತು. 5 ಮಾಡಿದರೆ ಮಡಚಲು ಎರಡು ಕೈ ಬೇಕಾಗುತ್ತದೆ. 3 ಸರಿ.

ಒಟ್ಟು 24 ಪಟ್ಟಿ ಬೇಕು. ಮೊದಲ ನಾಲ್ಕನ್ನು ಟೇಪಿನಲ್ಲಿ ಅಳೆದು ತೂತು ಕೊರೆದೆ. ಒಂದಕ್ಕೂ ಇನ್ನೊಂದಕ್ಕೂ 2 ಮಿ.ಮೀ. ವ್ಯತ್ಯಾಸ ಬಂತು. ಇಲ್ಲಿ ಇಡೀ ಆಟ ಇರುವುದೇ 3 ಮಿ.ಮೀ.ನಲ್ಲಿ. ನಾಲ್ಕನ್ನೂ ಎಸೆದು, 19 ಮಿ.ಮೀ. ಪ್ಲೈವುಡ್ ಮೇಲೆ ಮೂರು ಮೊಳೆ ನೆಟ್ಟು ಒಂದು ಜಿಗ್ ಮಾಡಿಕೊಂಡೆ. ಪಟ್ಟಿ ಅದಕ್ಕೆ ಸಿಕ್ಕಿಸಿದರೆ ತೂತು ಬೀಳುವ ಜಾಗ ತಾನಾಗಿ ಒಂದೇ ಆಗುತ್ತದೆ. ಜಿಗ್ ಮಾಡಲು 40 ನಿಮಿಷ ಹಿಡಿಯಿತು. ಮೊದಲೇ ಮಾಡಿದ್ದರೆ ಒಂದು ಭಾನುವಾರ ಉಳಿಯುತ್ತಿತ್ತು.

ಇನ್ನೊಂದು ಮಾತು. ಈ ಮೊಣಕೈ ಕತ್ತರಿ ಇದ್ದ ಹಾಗೆ. ಆಗಸ್ಟ್ 23ರಂದು ನನ್ನ ಎಡಗೈ ತೋರುಬೆರಳು ಅದರೊಳಗೆ ಸಿಕ್ಕಿತು. ಉಗುರು ಕಪ್ಪಾಗಿ, ಇನ್ನೂ ಪೂರ್ತಿ ಬಂದಿಲ್ಲ. ಮಕ್ಕಳಿರುವ ಜಾಗದಲ್ಲಿ ಇದು ಆಗಬಾರದು. ಆಮೇಲೆ ಪ್ರತಿ ಪಟ್ಟಿಗೂ 5 ಮಿ.ಮೀ. ತೂತು ಕೊರೆದು ಕೀ ಬಂಚಿನ ದೊಡ್ಡ ರಿಂಗ್ ಹಾಕಿದೆ. ರಿಂಗ್ ಎಳೆದರೆ ಲಾಕ್ ಬಿಡುತ್ತದೆ. ಬೆರಳು ಪಟ್ಟಿಯ ಹತ್ತಿರ ಹೋಗುವುದೇ ಇಲ್ಲ. ಮೊಣಕೈ ಭಾಗಕ್ಕೆ ಕೆಂಪು ಬಣ್ಣವನ್ನೂ ಹೊಡೆದೆ.

ಆಗಸ್ಟ್ 27ರಿಂದ ಸೆಪ್ಟೆಂಬರ್ 7: ಅಗಸೆ ಎಣ್ಣೆ

ಗಣೇಶನ ಹಬ್ಬದ ವಾರ ಕೆಲಸ ಕಡಿಮೆ. ಹಲಗೆಗಾದರೂ ಎಣ್ಣೆ ಬಳಿಯೋಣ ಅಂತ ಎರಡು ಬೆಂಚಿಗೆ ಹಸಿ ಅಗಸೆ ಎಣ್ಣೆ ಹಚ್ಚಿದೆ. ಹೊರಗೆ ಮಳೆ. ಒಂಬತ್ತು ದಿನ ಆದರೂ ಕೈಗೆ ಅಂಟುತ್ತಿತ್ತು. ಧೂಳು, ಸೊಳ್ಳೆ ಎಲ್ಲ ಮೆತ್ತಿಕೊಂಡಿತು. ಟರ್ಪೆಂಟೈನಿನಲ್ಲಿ ಒರೆಸಿ, 120 ನಂಬರಿನ ಉಪ್ಪುಕಾಗದದಲ್ಲಿ ಉಜ್ಜಿ, ಚೆನ್ನಾಗಿ ಒಣಗಿಸಿ, ಕೊನೆಗೆ ಪಿ.ಯು. (ಪಾಲಿಯುರೆಥೇನ್) ಪಾಲಿಶ್ ಎರಡು ಕೋಟ್ ಹಾಕಿದೆ. ಬಿಯರ್, ಎಣ್ಣೆ, ಸಾಸಿವೆ ಎಲ್ಲ ಬೀಳುವ ಮೇಜಿಗೆ ಅದೇ ಸರಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುತ್ತಾ ತಾನೇ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳಬಹುದು. ನಾನು ನೀರಿನ ಬಕೆಟ್ಟಿಗೆ ಹಾಕಿದೆ.

ಸೆಪ್ಟೆಂಬರ್ 13, 14: ಮೇಜಿನ ಹಲಗೆ ಸೀಳಿತು

50 ಸೆಂ.ಮೀ. ಅಗಲಕ್ಕೆ ನಾಲ್ಕು ಪಟ್ಟಿ ಅಂಟಿಸಿದ್ದೆ. ಅಡಿಯಲ್ಲಿ ಅಡ್ಡಕ್ಕೆ ಎರಡು ರೀಪು, ಬಿಗಿಯಾಗಿ ಸ್ಕ್ರೂ. ಎರಡು ದಿನ ಬಿಸಿಲು ಬಂತು. ಮೊದಲ ಮೇಜಿನಲ್ಲಿ ಅಂಟಿನ ಗೆರೆಯ ಪಕ್ಕದಲ್ಲೇ 30 ಸೆಂ.ಮೀ. ಬಿರುಕು ಬಿಟ್ಟಿತು. ಮರ ಅಗಲದಲ್ಲಿ ಹಿಗ್ಗಿ ಕುಗ್ಗುತ್ತದೆ. ರೀಪು ಅದನ್ನು ಬಿಡಲಿಲ್ಲ. ಉಳಿದ ಮೂರರ ರೀಪಿನಲ್ಲಿ ನಡುವಿನ ತೂತು ಮಾತ್ರ ಗುಂಡಗೆ ಬಿಟ್ಟು, ಮಿಕ್ಕದ್ದನ್ನು 6×12 ಮಿ.ಮೀ. ಉದ್ದ ಮಾಡಿ ವಾಷರ್ ಹಾಕಿದೆ. ಸೀಳಿದ್ದಕ್ಕೆ ಅಂಟು ತುಂಬಿ ಕ್ಲ್ಯಾಂಪ್ ಹಾಕಿದೆ. ಗೆರೆ ಕಾಣುತ್ತದೆ, ಹಿಡಿದುಕೊಂಡಿದೆ.

ಸೆಪ್ಟೆಂಬರ್ 21: ಭಾರ

ಮ್ಯೂನಿಕ್‌ನಲ್ಲಿ ಜನ ಬೆಂಚಿನ ಮೇಲೆ ಕೂರುವುದಷ್ಟೇ ಅಲ್ಲ, ಹಾಡು ಬಂದಾಗ ಹತ್ತಿ ನಿಂತು ಕುಣಿಯುತ್ತಾರೆ ಅಂತ ಮೇಲಿನ ಮನೆಯಾಕೆ ಮೊದಲೇ ಎಚ್ಚರಿಸಿದ್ದರು. ಎದುರಿನ ಸೈಟಿನಲ್ಲಿ ಮನೆ ಕಟ್ಟುತ್ತಿದ್ದಾರೆ. ಅಲ್ಲಿಯ ಮೇಸ್ತ್ರಿಯನ್ನು ಕೇಳಿ ಆರು ಸಿಮೆಂಟ್ ಮೂಟೆ ತಂದೆ. 300 ಕಿಲೋ. ಬೆಂಚಿನ ನಡುವೆ ಹಲಗೆ 32 ಮಿ.ಮೀ. ಕೆಳಗೆ ಬಾಗಿತು. ಮುರಿಯಲಿಲ್ಲ, ಆದರೆ ಕುಣಿದರೆ ಏನಾಗುತ್ತದೋ ಅಂತ ಭಯವಾಯಿತು.

ಅಡಿಯಲ್ಲಿ ಉದ್ದಕ್ಕೂ ಒಂದು 40×40 ರೀಪು ಕೊಡೋಣ ಅಂದುಕೊಂಡೆ. ಕೊಟ್ಟರೆ ಮಡಚಿದ ಕಾಲಿನ ಅಡ್ಡಪಟ್ಟಿ ಅದಕ್ಕೆ ತಾಗುತ್ತದೆ. ಈ ಸಲ ಕತ್ತರಿಸುವ ಮೊದಲು ಅಳೆದೆ. ಎರಡೂ ಕಾಲು ಮಡಚಿದ ಮೇಲೆ ನಡುವೆ 80 ಸೆಂ.ಮೀ. ಖಾಲಿ ಇರುತ್ತದೆ. ಹಲಗೆ ಜಾಸ್ತಿ ಬಾಗುವುದೂ ನಡುವೆಯೇ. 75 ಸೆಂ.ಮೀ. ರೀಪನ್ನು ಅಂಟು, ಸ್ಕ್ರೂ ಎರಡೂ ಹಾಕಿ ಕೂರಿಸಿದೆ. ಅದೇ ಆರು ಮೂಟೆಗೆ ಈಗ 21 ಮಿ.ಮೀ. ಎಂಟೂ ಬೆಂಚಿಗೆ ಹಾಗೇ ಮಾಡಿದೆ.

ಅಕ್ಟೋಬರ್ 1ರಿಂದ 3

ಕಾಲಿಗೆ ರೆಡ್ ಆಕ್ಸೈಡ್ ಒಂದು ಕೋಟ್, ಹಸಿರು ಎನಾಮೆಲ್ ಎರಡು ಕೋಟ್ ಆಗಲೇ ಮುಗಿದಿತ್ತು. 1ನೇ ತಾರೀಕು ಆಯುಧಪೂಜೆ. ವೆಲ್ಡಿಂಗ್ ಮಷೀನು, ತೋಪಡ, ಅಪ್ಪನ ಟ್ರೈಸ್ಕ್ವೇರ್ ಜೊತೆಗೆ ಮಡಚಿದ 12 ತುಂಡುಗಳನ್ನೂ ಸಾಲಾಗಿಟ್ಟು ಕುಂಕುಮ ಹಚ್ಚಿ, ಹೂವು ಇಟ್ಟು ಪೂಜೆ ಮಾಡಿದೆವು. ಮೇಲಿನ ಮನೆಯವರೂ ಇಳಿದು ಬಂದರು. ಎಂಟನೇ ಬೆಂಚಿನ ಅಡಿಯಲ್ಲಿ ಆ ಕುಂಕುಮ ಇನ್ನೂ ಇದೆ, ಒರೆಸಿಲ್ಲ.

2ನೇ ತಾರೀಕು ಗಾಂಧಿ ಜಯಂತಿ, ಮದ್ಯದಂಗಡಿ ಮುಚ್ಚಿರುತ್ತವೆ. ಅಬಕಾರಿಯ ಒಂದು ದಿನದ ಲೈಸೆನ್ಸನ್ನು ಅವರ ಗುಂಪಿನವರು ಮೊದಲೇ ಮಾಡಿಸಿದ್ದರು. ಬಿಯರನ್ನು 3ಕ್ಕೆ ತಂದರು.

3ರಂದು ಅಡುಗೆಮನೆಯಲ್ಲಿ ಒಂದು ಅವಾಂತರ ಆಯಿತು. ಅದು ನನ್ನ ಕೆಲಸವಲ್ಲದಿದ್ದರೂ ಬರೆಯಬೇಕು. ಬ್ರೆಟ್ಸೆಲ್ ಅಂದರೆ ಗಂಟಿನ ಹಾಗೆ ತಿರುಚಿದ ಜರ್ಮನ್ ಬ್ರೆಡ್ಡು (ಪ್ರೆಟ್ಜೆಲ್). ಅದಕ್ಕೆ ಆ ಕಂದು ಬಣ್ಣ, ಆ ರುಚಿ ಬರುವುದು ಬೇಯಿಸುವ ಮೊದಲು ಕಾಸ್ಟಿಕ್ ಸೋಡಾ ನೀರಿನಲ್ಲಿ ಅದ್ದುವುದರಿಂದ. ಆಹಾರಕ್ಕೆಂದೇ ಮಾರುವ ಸೋಡಾ, 1 ಲೀಟರ್ ನೀರಿಗೆ 40 ಗ್ರಾಂ. ಸೋಡಾವನ್ನು ನೀರಿಗೆ ಹಾಕಬೇಕು, ನೀರನ್ನು ಸೋಡಾಕ್ಕೆ ಅಲ್ಲ. ಗ್ಲೌಸು, ಕನ್ನಡಕ ಬೇಕೇ ಬೇಕು. ಇದೆಲ್ಲ ಸರಿಯಾಗೇ ಮಾಡಿದರು. ಆದರೆ ಅದ್ದಿ ತೆಗೆದ 12 ಬ್ರೆಟ್ಸೆಲ್‌ಗಳನ್ನು ನನ್ನ ಹೆಂಡತಿ ಕೊಟ್ಟ ಅಲ್ಯೂಮಿನಿಯಂ ತಟ್ಟೆಯಲ್ಲಿಟ್ಟರು. ತಟ್ಟೆ ಗುಳ್ಳೆ ಬಿಟ್ಟು ಕಪ್ಪಾಗತೊಡಗಿತು. ಕಾಸ್ಟಿಕ್ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಹನ್ನೆರಡನ್ನೂ ಎಸೆದೆವು. ಮುಂದಿನದೆಲ್ಲ ಸ್ಟೀಲ್ ತಟ್ಟೆ, ಮೇಲೆ ಬೇಕಿಂಗ್ ಪೇಪರ್. ರಾತ್ರಿ ಹತ್ತರ ಹೊತ್ತಿಗೆ 48 ಬ್ರೆಟ್ಸೆಲ್ ಆದವು.

ಅಕ್ಟೋಬರ್ 4: ತಾರಸಿ

2025ರಲ್ಲಿ ಮ್ಯೂನಿಕ್‌ನ ಹಬ್ಬ ಸೆಪ್ಟೆಂಬರ್ 20ರಿಂದ ಅಕ್ಟೋಬರ್ 5ರವರೆಗೆ ಇತ್ತು. ಹಾಗಾಗಿ ಇವರು ಆರಿಸಿದ್ದು ಅಲ್ಲಿಯ ಕೊನೆಯ ಶನಿವಾರ. ಬೆಳಿಗ್ಗೆ 10ಕ್ಕೆ ಬೆಂಚು ಬಿಚ್ಚಲು ಶುರು ಮಾಡಿದೆ. ಎರಡು ತೊಂದರೆ ಕಂಡವು. ಎರಡೂ ನನ್ನ ಶೆಡ್ಡಿನ ಸಮತಟ್ಟು ನೆಲದಲ್ಲಿ ಕಾಣದೇ ಹೋದವು.

ತಾರಸಿಗೆ ನೀರು ಹರಿಯಲು ಇಳಿಜಾರು ಇರುತ್ತದೆ. ನಮ್ಮದು ನಡುವಿನಿಂದ ಎರಡು ಕಡೆಗೆ. ಬೆಂಚಿನ ಕಾಲಿನ ಅಡಿಪಟ್ಟಿ ಉದ್ದಕ್ಕೂ ನೆಲಕ್ಕೆ ತಾಗುತ್ತಿದ್ದರಿಂದ ನಡುವಿನ ಉಬ್ಬಿನ ಮೇಲೆ ಕೂತ ಬೆಂಚುಗಳು ಅಲ್ಲಾಡಿದವು. ಗ್ರೈಂಡರ್ ತಂದು ಅಲ್ಲಾಡುವ ಮೂರು ಬೆಂಚಿನ ಅಡಿಪಟ್ಟಿಯ ನಡುಭಾಗವನ್ನು 4 ಮಿ.ಮೀ. ಉಜ್ಜಿದೆ. ಎರಡು ತುದಿ ಮಾತ್ರ ನೆಲಕ್ಕೆ ತಾಗುವ ಹಾಗಾಯಿತು. ಅಲ್ಲಾಟ ನಿಂತಿತು. ಇನ್ನೊಂದು, ಕಬ್ಬಿಣ ಟೈಲ್ಸ್ ಮೇಲೆ ಜಾರುತ್ತಿತ್ತು. ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ತುದಿಗಳಿಗೆ ಸುತ್ತಿ ಕಟ್ಟಿದೆ. ಬಂದವರಲ್ಲಿ ಇಬ್ಬರು ಹಬ್ಬದ ಬಟ್ಟೆಯಲ್ಲೇ ನೆಲಕ್ಕೆ ಕೂತು ಟ್ಯೂಬ್ ಕಟ್ಟಲು ಕೈಹಾಕಿದರು.

ಮ್ಯೂನಿಕ್‌ನಲ್ಲಿ ಹಬ್ಬದ ಮೊದಲ ದಿನ ಮಧ್ಯಾಹ್ನ 12ಕ್ಕೆ ಊರಿನ ಮೇಯರ್ ಮೊದಲ ಪೀಪಾಯಿಗೆ ನಲ್ಲಿ ಹೊಡೆದು ಹಬ್ಬ ಶುರು ಮಾಡುತ್ತಾರೆ. 1950ರಿಂದ ಹೀಗೆ ನಡೆದು ಬಂದಿದೆ. ಇಲ್ಲಿ ಪೀಪಾಯಿ ಇಲ್ಲ, 650 ಮಿಲಿಯ ಬಾಟಲಿಗಳು. ಆದರೂ 12 ಗಂಟೆಗೇ ಕಾದರು. ಅವರು ಊರಿಂದ ತಂದಿದ್ದ ಒಂದು ಲೀಟರಿನ ಗಾಜಿನ ಮಗ್ಗುಗಳು ಆರು ಇದ್ದವು. ತುಂಬಿದಾಗ ಒಂದೊಂದೂ ಎರಡು ಕಿಲೋಗಿಂತ ಜಾಸ್ತಿ. ಎರಡು ಮಗ್ಗು ಜೋರಾಗಿ ತಾಗಿಸಿ ಮೇಜಿನ ಮೇಲೆ ಕುಕ್ಕಿದಾಗ ನಾನು ಕಾಲಿನ ಲಾಕನ್ನೇ ನೋಡುತ್ತಿದ್ದೆ. ಏನೂ ಆಗಲಿಲ್ಲ.

ಊಟವನ್ನು ಎಲ್ಲರೂ ಮನೆಯಿಂದಲೇ ತಂದಿದ್ದರು. ಬವೇರಿಯಾದಲ್ಲಿ ಇದೂ ಹಳೆಯ ಪದ್ಧತಿಯಂತೆ. 1812ರಲ್ಲಿ ಅಲ್ಲಿಯ ರಾಜ, ಬಿಯರ್ ತಯಾರಿಸುವವರು ತಮ್ಮ ನೆಲಮಾಳಿಗೆಗಳ ಬಳಿಯೇ ಬಿಯರ್ ಮಾರಬಹುದು, ಬ್ರೆಡ್ ಬಿಟ್ಟು ಬೇರೆ ತಿಂಡಿ ಮಾರುವ ಹಾಗಿಲ್ಲ ಅಂತ ಆಜ್ಞೆ ಮಾಡಿದ. ಅಂದಿನಿಂದ ಜನ ಬುತ್ತಿ ಕಟ್ಟಿಕೊಂಡು ಬಿಯರ್ ಗಾರ್ಡನ್ನಿಗೆ ಹೋಗುತ್ತಾರೆ. ಹಾಗೇ ನಮ್ಮ ತಾರಸಿಗೂ ಡಬ್ಬಿಗಳು ಬಂದವು. ಆಲೂಗಡ್ಡೆ ಸಲಾಡ್, ಹುಳಿ ಬಂದ ಎಲೆಕೋಸು, ಬೆಣ್ಣೆ ಹಚ್ಚಿ ಸುಟ್ಟ ಕೋಳಿ, ಚೀಸ್ ಮತ್ತು ಈರುಳ್ಳಿ ಕಲಸಿದ ಒಬಾಟ್ಸ್‌ಡಾ. ನನಗೆ ಹಿಡಿಸಿದ್ದು ಮೂಲಂಗಿ. ಬಿಳಿ ಮೂಲಂಗಿಯನ್ನು ಕಡಿಯದ ಹಾಗೆ ಸುರುಳಿಯಾಗಿ ತೆಳ್ಳಗೆ ಕೊಯ್ದು, ಉಪ್ಪು ಹಚ್ಚಿ, ನೀರು ಬಿಡುವವರೆಗೆ ಇಡುತ್ತಾರೆ. ಘಾಟು ಹೋಗಿ ತಂಪಾಗಿರುತ್ತದೆ. ನಮ್ಮ ಮನೆಯಲ್ಲಿ ಸಾಂಬಾರಿಗೆ ಬಿಟ್ಟರೆ ಮೂಲಂಗಿಗೆ ಬೇರೆ ಗತಿ ಇರಲಿಲ್ಲ.

ಸಂಜೆ ಐದರ ಹೊತ್ತಿಗೆ ಹಾಡು ಶುರುವಾಯಿತು. ಮೂರನೇ ಬೆಂಚಿನ ಮೇಲೆ ಐದು ಜನ ಹತ್ತಿ ನಿಂತರು. ಹಲಗೆ ಬಾಗಿ ಏಳುತ್ತಿತ್ತು. ನಾನು ಬಗ್ಗಿ ಅಡಿಯಲ್ಲಿ ಟಾರ್ಚ್ ಬಿಟ್ಟು ನೋಡಿದೆ. ಲಾಕಿನ ಮೊಣಕೈ ತಡೆಗೆ ಒತ್ತಿಕೊಂಡು ಅಲ್ಲಾಡದೆ ಕೂತಿತ್ತು. 3 ಮಿ.ಮೀ. ಆಮೇಲೆ ನನ್ನನ್ನೂ ಕೈಹಿಡಿದು ಹತ್ತಿಸಿದರು. ಹತ್ತಿದೆ. ಎದುರಿನ ಬೆಂಚಿನಲ್ಲಿ ಮ್ಯೂನಿಕ್‌ನ ಒಬ್ಬ ಹಿರಿಯರು. ಮಗಳ ಮನೆಗೆ ಬಂದವರು, ಇಂಗ್ಲಿಷ್ ಬರುವುದಿಲ್ಲ, ನನಗೆ ಜರ್ಮನ್ ಬರುವುದಿಲ್ಲ. ಅವರು ಮೇಜಿನ ಅಂಚನ್ನು ಬೆರಳಿನಲ್ಲಿ ಗೇಣು ಹಾಕಿ ಅಳೆದು, ನನ್ನ ಕಡೆ ನೋಡಿ, ಐದು ಬೆರಳು ಎತ್ತಿ, ಆಮೇಲೆ ಸೊನ್ನೆ ತೋರಿಸಿದರು. ಹೌದು, 50 ಅಂತ ತಲೆಯಾಡಿಸಿದೆ. ಅಷ್ಟು ದೂರದಿಂದಲೇ ಕೈ ಚಾಚಿ ನನ್ನ ಭುಜ ತಟ್ಟಿದರು.

ಖರ್ಚು

ಪೈನ್ 11 ಸಿ.ಎಫ್.ಟಿ.: 10,450
ಸಿಲ್ವರ್ ಓಕ್ (ಹಾಳು): 1,800
ಆಂಗಲ್ 72 ಕಿಲೋ: 4,896
ಸ್ಕ್ವೇರ್ ಪೈಪ್ (ಹಾಳು): 1,150
20×5 ಪಟ್ಟಿ 12 ಕಿಲೋ: 840
ಎಸ್.ಪಿ. ರೋಡಿನಲ್ಲಿ ಬೋಲ್ಟ್, ನಟ್ಟು, ರಿವೆಟ್, ಸ್ಕ್ರೂ, ರಿಂಗ್: 1,940
ವೆಲ್ಡಿಂಗ್ ರಾಡ್: 700
ರೆಡ್ ಆಕ್ಸೈಡ್, ಎನಾಮೆಲ್, ಟರ್ಪೆಂಟೈನ್: 1,480
ಪಿ.ಯು. ಪಾಲಿಶ್: 2,600
ಅಗಸೆ ಎಣ್ಣೆ (ಹಾಳು): 320
ಅಂಟು, ಉಪ್ಪುಕಾಗದ: 1,150
ಮಿಲ್ಲಿನ ಕೂಲಿ: 1,800
ಒಟ್ಟು: 29,126 ರೂಪಾಯಿ

ಗುಂಪಿನವರು ಪೂರ್ತಿ ಕೊಡಲು ಬಂದರು. ನಾನು 25,856 ಮಾತ್ರ ತೆಗೆದುಕೊಂಡೆ. ಮಿಕ್ಕ 3,270 ನಾನು ಕೆಡಿಸಿದ ಮಾಲು. ಅದು ನನ್ನ ಲೆಕ್ಕಕ್ಕೇ ಇರಲಿ ಅಂದೆ. ಸಿಲ್ವರ್ ಓಕ್ ಪೂರ್ತಿ ದಂಡವೇನೂ ಆಗಲಿಲ್ಲ. ಒಣಗಲು ಪೇರಿಸಿಟ್ಟಿದ್ದೇನೆ. ಬರುವ ಬೇಸಿಗೆಗೆ ಚಿಕ್ಕ ಸ್ಟೂಲ್ ಆಗುತ್ತದೆ.

ಈಗ ಹನ್ನೆರಡೂ ತುಂಡು ಮಡಚಿ ಮೆಟ್ಟಿಲ ಕೆಳಗೆ ಪೇರಿಸಿವೆ. ಬಾಕಿ ಇರುವುದು ಎರಡು ಕೆಲಸ. ಗ್ರೈಂಡರ್ ಹೊಡೆದ ಜಾಗಕ್ಕೆ ತುಕ್ಕು ಹತ್ತುವ ಮೊದಲು ಬಣ್ಣ ಹಚ್ಚಬೇಕು. ಐದನೇ ಬೆಂಚಿನ ಎಡ ಲಾಕ್ ಬಿಗಿಯಾಗಿದೆ, ರಿಂಗ್ ಎಳೆದರೂ ಒಂದೊಂದು ಸಲ ಬಿಡುವುದಿಲ್ಲ. ಭಾನುವಾರ ಬಿಚ್ಚಿ ಅರ ಹಾಕಿ ನೋಡುತ್ತೇನೆ.